ಅಂದಾನಪ್ಪನ ಕಾಯದೆ

ಎಲ್ಲಾ ಶುರುವಾದದ್ದು ಮೂವತ್ತು ರೂಪಾಯಿಯಿಂದ. ಆ ಮೂವತ್ತು ರೂಪಾಯಿಯನ್ನು ತೆಪ್ಪಗೆ ಕೊಟ್ಟು ಒಳಗೆ ಹೋಗಿದ್ದರೆ ಗಜೇಂದ್ರಗಡದ ಪ್ರಾಣೇಶನ ಮಾನ ಅವತ್ತು ನಲವತ್ತೆರಡು ಮೆಟ್ಟಿಲು ಇಳಿಯುತ್ತಿರಲಿಲ್ಲ.

ಪ್ರಾಣೇಶ ಪತ್ತಿನ ಸಂಘವೊಂದರಲ್ಲಿ ಗುಮಾಸ್ತ. ಅವನಿಗೆ ಒಂದು ತತ್ವವಿತ್ತು. ಇಂಥವರಿಗೆ ಇರುವುದೇ ಖರ್ಚಿಲ್ಲದ ತತ್ವ. ಕೆಲಸದವರಿಗೆ ಭಕ್ಷೀಸು ಕೊಡಬಾರದು! “ಪಗಾರ ಕೊಡಲಿಕ್ಕೆ ಅವರ ಮಾಲಕ ಇದ್ದಾನ. ನಾವ್ಯಾಕ ಕೊಡಬೇಕು? ಕೊಟ್ಟು ಕೊಟ್ಟು ಮಂದಿನ್ನ ಕೆಡಿಸೇವಿ,” ಎಂದು ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಬೇರೆಯವರ ರೊಕ್ಕದ ಚಹಾ ಕುಡಿಯುತ್ತ ಹೇಳುತ್ತಿದ್ದ. ಒಮ್ಮೆ ರೋಣದ ಖಾನಾವಳಿಯಲ್ಲಿ ಬಡಿಸಿದವನ ಹತ್ತಿರ ಐದು ರೂಪಾಯಿ ಚಿಲ್ಲರೆ ಮರೆತು ಬಂದದ್ದು ಬಸ್ಸು ಹತ್ತಿದ ಮೇಲೆ ನೆನಪಾಗಿ, ಇಳಿದು ಹೋಗಿ ಇಸಿದುಕೊಂಡು ಬಂದ ಭೂಪ. ಮುಂದಿನ ಬಸ್ಸಿಗೆ ಒಂದು ತಾಸು ಬಿಸಿಲಲ್ಲಿ ನಿಂತ.

ಅವತ್ತು ಅವನ ತಂದೆ ಶ್ರೀನಿವಾಸರಾಯರ ಶ್ರಾದ್ಧ. ಪ್ರಾಣೇಶ ರಜೆ ಹಾಕಿ ಮನೆಯಲ್ಲಿದ್ದ. ಹೆಂಡತಿ ಮೇಧಾ ಮಡಿಯಲ್ಲಿ ಅಡುಗೆಗೆ ನಿಂತಿದ್ದಳು. ತಾಯಿ ಲೀಲಾಬಾಯಿ ತುಳಸಿ ತರಲು ಮಾಳಿಗೆ ಹತ್ತಿದ್ದಳು. ಆಚಾರ್ಯರು ನಡುಮನೆಯಲ್ಲಿ ದರ್ಭೆ ಹರವಿಕೊಂಡು ಕೂತಿದ್ದರು. ಅನ್ನ ಅರ್ಧ ಬೆಂದಿತ್ತು, ಗ್ಯಾಸು ಆರಿಹೋಯಿತು. ಇನ್ನೊಂದು ತಾಸಿನಲ್ಲಿ ಪಿಂಡ ಇಡದಿದ್ದರೆ ಹೊತ್ತು ಮೀರಿ ಶ್ರಾದ್ಧ ಕೆಟ್ಟಂತೆಯೇ. ಪುಣ್ಯಕ್ಕೆ, ಫೋನಿನಲ್ಲೇ ರೊಕ್ಕ ಕಟ್ಟಿ ಹೇಳಿಟ್ಟಿದ್ದ ಸಿಲಿಂಡರ್ ಅದೇ ಹೊತ್ತಿಗೆ ಬಂತು.

ಹೊತ್ತು ತಂದವನು ಅಂದಾನಪ್ಪ. ವಯಸ್ಸು ಐವತ್ತು ದಾಟಿದೆ. ಎರಡನೇ ಮಹಡಿಗೆ ನಲವತ್ತೆರಡು ಮೆಟ್ಟಿಲು ಹತ್ತಿ, ಸಿಲಿಂಡರನ್ನು ಬಾಗಿಲ ಹೊರಗೆ ಇಳಿಸಿ, ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

“ಅವ್ವಾರು ಇಲ್ಲೇನ್ರಿ?”

“ಮಾಳಗಿ ಮ್ಯಾಲಿದ್ದಾರ. ಏನಿದ್ದರೂ ನನ್ನ ಮುಂದ ಹೇಳು.”

“ಏನಿಲ್ರಿ, ಮೆಟ್ಟಲಾ ಹತ್ತಿದ್ದಕ್ಕ ಖುಷಿಲೆ ಏನರ ಕೊಡ್ರಿ. ಈ ಓಣ್ಯಾಗ ಮೂವತ್ತು ಕೊಡ್ತಾರ.”

ಅಡುಗೆಮನೆ ಬಾಗಿಲ ಮರೆಯಿಂದ ಮೇಧಾ “ಸುಮ್ಮನ ಕೊಟ್ಟು ಕಳಸ್ರಿ” ಎಂದು ಕೈಸನ್ನೆ ಮಾಡಿದಳು. ಆದರೆ ಕೆಳಗಿನ ಮಹಡಿಯ ನಿರ್ಮಲಾ ಮಾತು ಕೇಳಿ ಮೆಟ್ಟಿಲ ಮೇಲೆ ಬಂದು ನಿಂತಿದ್ದಳಲ್ಲ! ಕೇಳುವವರು ಒಬ್ಬರು ಸಿಕ್ಕರೆ ಸಾಕು, ಪ್ರಾಣೇಶ ಉಬ್ಬುತ್ತಾನೆ. ಒದ್ದೆ ಪಂಚೆಯಲ್ಲೇ ಉಬ್ಬಿದ.

“ಯಾವ ಕಾಯದೆದಾಗ ಅದ ಈ ಮೂವತ್ತು? ಮನೀತನಕಾ ತಂದುಕೊಡೂದು ನಿನ್ನ ಕೆಲಸ. ಹೆಚ್ಚಿಂದು ಒಂದು ಪೈಸಾ ಕೇಳೂದೂ ತಪ್ಪು, ಕೊಡೂದೂ ತಪ್ಪು. ಎಲ್ಲಾ ಕಾಯದೆ ಪ್ರಕಾರ ಆಗಬೇಕು!”

ಅಂದಾನಪ್ಪ ಟವೆಲನ್ನು ನಿಧಾನಕ್ಕೆ ಹೆಗಲಿಗೆ ಹಾಕಿಕೊಂಡ. “ಆತ್ರಿ ಸಾಹೇಬರ. ಕಾಯದೆ ಪ್ರಕಾರನ ಮಾಡೂನು.” ಚೀಲದಿಂದ ಸಹಿ ಪುಸ್ತಕ ತೆಗೆದ. “ಶ್ರೀನಿವಾಸರಾವ್ ಅನ್ನೋರ ಹೆಸರೀಲೆ ಐತಿ. ಅವರನ್ನ ಕರೀರಿ. ಅವರ ಸಹಿ ಇಲ್ಲದ ಸಿಲಿಂಡರ್ ಕೊಡಾಕ ಬರಂಗಿಲ್ಲ.”

ಪ್ರಾಣೇಶ ಬಾಗಿಲನ್ನು ಅರ್ಧ ಮುಂದೆ ಮಾಡಿದ. ಅಪ್ಪ ಹೋಗಿ ಆರು ವರ್ಷ. ಹೆಸರು ಬದಲಿಸಲು ಸ್ಟಾಂಪ್ ಪೇಪರಿಗೂ ನೋಟರಿಗೂ ಖರ್ಚಾಗುತ್ತದೆಂದು ಈ ಮಹಾಶಯ ಹಾಗೇ ಬಿಟ್ಟಿದ್ದ.

“ಅಪ್ಪಾರು... ಒಳಗ ಮಲಗ್ಯಾರ. ಮೈಯಾಗ ಆರಾಮಿಲ್ಲ.”

ಅಷ್ಟರಲ್ಲಿ ಒಳಗಿನಿಂದ ಆಚಾರ್ಯರ ದನಿ ಬಂತು. “ಪ್ರಾಣೇಶಾ, ಲಗೂ ಬಾರೋ! ನಿಮ್ಮಪ್ಪಾರು ಹಸದು ಕಾಯಲಿಕ್ಕತ್ತಾರ!”

“ಎದ್ದಾರಂತಲ್ರಿ,” ಎಂದ ಅಂದಾನಪ್ಪ. “ಎರಡು ಹೆಜ್ಜಿ ಬಂದು ಸಹಿ ಮಾಡ್ಲಿ.”

“ಬರೂದಿಲ್ಲ! ಅವರಿಗೆ ಹೊರಗಿನ ಮಂದೀನ ಕಂಡರ ಆಗೂದಿಲ್ಲ!”

ನಿರ್ಮಲಾಗೆ ತಡೆಯಲಾಗಲಿಲ್ಲ. “ಅಯ್ಯ ನಮ್ಮವ್ವ! ರಾಯರು ಸತ್ತು ಆರು ವರ್ಷಾತಲ್ರಿ! ಇವತ್ತ ಅವರದ ತಿಥಿ. ಎಂಥಾ ಮಗನ್ರೀ ನೀವು? ಮೂವತ್ತು ರೂಪಾಯಿ ಉಳಸಾಕ ಅಪ್ಪನ್ನ ಎಬ್ಬಿಸಿ ಕುಂದರಿಸಿದ್ರಿ!”

“ಹಂಗಾರ ಮುಗೀತ್ರಿ,” ಎಂದು ಅಂದಾನಪ್ಪ ಪುಸ್ತಕ ಮಡಚಿದ. “ತೀರಿಕೊಂಡೋರ ಹೆಸರಿಗೆ ಗ್ಯಾಸ್ ಕೊಡಬಾರದು. ಸಾವಿನ ದಾಖಲೆ ತರ್ರಿ, ಹೆಸರು ಬದಲ್ ಮಾಡಸ್ರಿ. ಆಮ್ಯಾಲ ನೋಡೂನು.” ಹೇಳಿದವನೇ ಸಿಲಿಂಡರನ್ನು ಮತ್ತೆ ಹೆಗಲಿಗೇರಿಸಿ ಇಳಿಯತೊಡಗಿದ.

ಪ್ರಾಣೇಶ ಮಡಿ ಮೈಲಿಗೆ ಎಲ್ಲ ಮರೆತು ಅವನ ಬೆನ್ನಿಗೆ ಬಿದ್ದ. “ಏ ಅಂದಾನಪ್ಪಾ, ಮೂವತ್ತು ತಗೊಳ್ಳಪ್ಪಾ!” ಹತ್ತು ಮೆಟ್ಟಿಲು ಇಳಿಯುವುದರಲ್ಲಿ ನೂರಾಯಿತು. ಮೊದಲನೇ ಮಹಡಿಯಲ್ಲಿ ಇನ್ನೂರಾಯಿತು, ಅಪ್ಪಾ ಹೋಗಿ ಅಣ್ಣಾ ಆಯಿತು. ಎಲ್ಲ ಬಾಗಿಲುಗಳೂ ತೆರೆದವು. ಜಾರುವ ಪಂಚೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಮುಗಿಯಲು ಹೋಗಿ ಪ್ರಾಣೇಶ ಗೋಡೆಗೆ ಬಡಿದುಕೊಂಡ.

“ತಗೋಬಾರದಂತ ನೀವ ಹೇಳಿದ್ರೆಲ್ರಿ,” ಎಂದು ಅಂದಾನಪ್ಪ ತಿರುಗಿಯೂ ನೋಡದೆ ಕೊನೆಯ ಮೆಟ್ಟಿಲು ಇಳಿದ.

“ಅಂದಾನಪ್ಪಾ!”

ಮೇಲೆ ಲೀಲಾಬಾಯಿ ತುಳಸಿ ಬುಟ್ಟಿ ಹಿಡಿದು ನಿಂತಿದ್ದಳು. “ಮ್ಯಾಲ ಬಾರಪ್ಪಾ. ಈ ಹುಚ್ಚನ ಮಾತೇನು ಮನಸಿಗೆ ಹಚಗೋತಿ? ನಿನ್ನ ಐವತ್ತು ನಾ ಕೊಡತೀನಿ, ಯಾವಾಗಲೂ ಕೊಟ್ಟಂಗ.”

ಅಂದಾನಪ್ಪ ಸಿಲಿಂಡರ್ ಸಮೇತ ಮೇಲೆ ಬಂದ. ಹಿಂದೆಯೇ ಏದುಸಿರು ಬಿಡುತ್ತ ಪ್ರಾಣೇಶ.

“ಯಾವಾಗಲೂ? ಐವತ್ತು?”

“ಮತ್ತ? ಮೂವತ್ತು ಮೆಟ್ಟಲಕ್ಕ, ಇಪ್ಪತ್ತು ನಿಮ್ಮಪ್ಪನ ಹೆಸರಿಗೆ. ಅವರು ಹೋದದ್ದು ಇವಗ ಗೊತ್ತಿಲ್ಲೇನು? ಸುಡುಗಾಡಿಗೂ ಬಂದಿದ್ದ. ನೀ ಹೆಸರು ಬದಲಿ ಮಾಡಸಲಿಲ್ಲ, ನಾವು ಉಣ್ಣಬೇಕೋ ಬ್ಯಾಡೋ? ನೀ ಆಫೀಸಿಗೆ ಹೋದ ಮ್ಯಾಲ ಇವ ಬರತಿದ್ದ, ಅವರ ಸಹಿ ನಾನ ಮಾಡತಿದ್ದೆ.”

ಹೀಗೆಂದು ಲೀಲಾಬಾಯಿ ಗೂಟಕ್ಕೆ ತೂಗುಹಾಕಿದ್ದ ಅಂಗಿಯ ಒಳಕಿಸೆಗೆ, ನೋಡದೆಯೇ, ಕೈ ಹಾಕಿದಳು.

“ಅವ್ವಾ, ಅದು ನನ್ನಂಗಿ!”

“ಆರು ವರ್ಷದಿಂದ ಇದಽ ಕಿಸೆ. ಮತ್ತ ನನಗೇನು ಪಗಾರ ಬರತದೇನು?”

ನಿರ್ಮಲಾ ಸೊಂಟದ ಮೇಲೆ ಕೈಯಿಟ್ಟಳು. “ಅಂದ್ರ ಊರಿಗೆಲ್ಲಾ ಭಾಷಣಾ ಮಾಡಿ, ಓಣ್ಯಾಗ ಎಲ್ಲಾರಕಿಂತ ಹೆಚ್ಚು ಕೊಡೋರು ನೀವ! ರೇಟು ಕೆಡಸಿದೋರೂ ನೀವ!”

ಕಿಸೆಯಿಂದ ಬಂದದ್ದು ಐನೂರರ ಒಂದೇ ನೋಟು. ಅಂದಾನಪ್ಪ ಅದನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. “ಚಿಲ್ರೆ ಇಲ್ರಿ ಅವ್ವಾರ. ಐವತ್ತರಕಿಂತ ಹೆಚ್ಚು ನಾ ಮುಟ್ಟಂಗಿಲ್ಲ. ಹತ್ತು ಸಿಲಿಂಡರದ್ದು ಮುಂಗಡ ಅಂತ ಇಟಗೋತೀನಿ.”

“ಮುಂಗಡಾ?” ಪ್ರಾಣೇಶ ಚೀರಿದ. “ನಾಳೆನ ನನ್ನ ಹೆಸರಿಗೆ ಮಾಡಸ್ತೀನಿ! ಆಮ್ಯಾಲ ಸಿಲಿಂಡರಿಗೆ ಇಪ್ಪತ್ತರಂಗ ನೀ ವಾಪಸ್ ಕೊಡಬೇಕಾಗತದ!”

“ಅವಶ್ಯ ಮಾಡಸ್ರಿ. ಆದ್ರ ಆಮ್ಯಾಲ ನಿಮ್ಮ ಸಹೀನ ಬೇಕಾಗತೈತ್ರಿ, ಕಾಯದೆ. ಸಿಲಿಂಡರ್ ಬಂದಾಗೆಲ್ಲಾ ಬಿನ್ ಪಗಾರಿ ರಜಾ ಹಾಕಿ ಮನ್ಯಾಗ ಕುಂದರಬೇಕಾಗತೈತಿ.”

ಪ್ರಾಣೇಶ ಒಂದು ದಿನದ ಪಗಾರವನ್ನು ಬೆರಳಲ್ಲಿ ಎಣಿಸಿದ. ಎರಡು ಸಲ ಎಣಿಸಿದ. ಆಮೇಲೆ ಅಂದಾನಪ್ಪನ ಕೈಯಿಂದ ಪುಸ್ತಕ ಇಸಿದುಕೊಂಡು, ಪುಟ ತೆರೆದು, ತಾನೇ ತಾಯಿಯ ಮುಂದೆ ಹಿಡಿದ.

ಲೀಲಾಬಾಯಿ ತುಳಸಿ ಬುಟ್ಟಿಯನ್ನು ಕೆಳಗಿಟ್ಟು, ಗಂಡನ ತಿಥಿಯ ದಿನ, ಗಂಡನ ಹೆಸರನ್ನು ದುಂಡಗೆ ಬರೆದು ಕೆಳಗೊಂದು ಗೆರೆ ಎಳೆದಳು.