ನೆರೆ ಪರಿಹಾರದ ಹುಂಜ

ತನಗಾಗಿ ಬೇಡುವವನಿಗೆ ನಾಚಿಕೆ ಒಂದೇ ಕಾಟ. ಊರವರಿಗಾಗಿ ಬೇಡಲು ಹೊರಟವನಿಗೆ ಫಜೀತಿಗಳು ತಪ್ಪಿದ್ದಲ್ಲ. ನನಗಂತೂ ಹೊರಟಾಗಲೆಲ್ಲ ಒಂದಲ್ಲ ಒಂದು ಆಗಿಯೇ ಆಗುತ್ತದೆ.

ಆ ವರ್ಷ ಮಂಜೀರಾ ಹೊಳೆಯ ದಂಡೆಯ ಒಂದು ಹಳ್ಳಿಗೆ ನೀರು ನುಗ್ಗಿತ್ತು. ಜನ ಶಾಲೆಯ ಕೋಣೆಗಳಲ್ಲಿ ಒದ್ದೆ ನೆಲದ ಮೇಲೆ ಮಲಗುತ್ತಿದ್ದರು. ಭಾನುವಾರ ಸಂಜೆಯೊಳಗೆ ಮನೆಗೊಂದು ಕಂಬಳಿ ಮುಟ್ಟಿಸುತ್ತೇವೆ ಎಂದು ಜಹೀರಾಬಾದಿನ ನಮ್ಮ ಕಚೇರಿಯವರು ಮಾತು ಕೊಟ್ಟೆವು. ಮಾತು ಕೊಡುವಾಗ ಎಲ್ಲರೂ ಇದ್ದರು. ಓಡಾಡಲು ಉಳಿದವರು ನಾನು ಮತ್ತು ಪಕ್ಕದ ಮೇಜಿನ ಗೆಳೆಯ. ಅವನು ತನ್ನ ಚರ್ಚಿನ ಹಿರಿಯರಲ್ಲೊಬ್ಬ. ಚರ್ಚುಗಳಿಗೆ ಹೋಗೋಣ, ನಮ್ಮ ಮಂದಿ ಇಲ್ಲ ಅನ್ನಂಗಿಲ್ಲ ಎಂದು ಸ್ಕೂಟರ್ ತೆಗೆದ.

ಮೊಣಕಾಲು

ಮೊದಲು ಹೋದದ್ದು ಜಹೀರಾಬಾದಿನಲ್ಲೇ ಇದ್ದ ಒಂದು ಚರ್ಚಿಗೆ, ಶುಕ್ರವಾರದ ಉಪವಾಸ ಪ್ರಾರ್ಥನೆಯ ಹೊತ್ತಿಗೆ. ಆ ಪ್ರಾರ್ಥನೆಗೆ ಕಷ್ಟದಲ್ಲಿರುವವರೇ ಹೆಚ್ಚು ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಗೆಳೆಯ ಪಾಸ್ಟರನ್ನು ಹುಡುಕಲು ಒಳಗೆ ಹೋದ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ನಾನು ಬಾಗಿಲಲ್ಲಿ ಕೈಕಟ್ಟಿ ನಿಂತೆ.

ಒಬ್ಬ ಹಿರಿಯ ಹೆಂಗಸು ಬಂದು, ಏನು ಕಷ್ಟ ಎಂದು ಮೆಲ್ಲಗೆ ಕೇಳಿದಳು. ನನಗೇನಿಲ್ಲ, ಬೇರೆಯವರ ಸಲುವಾಗಿ ಬಂದಿದ್ದೇನೆ ಎಂದೆ.

"ಮೊದಲ ಎಲ್ಲಾರೂ ಹಂಗೇ ಅಂತಾರ್ರಿ" ಎಂದು ಕೈಹಿಡಿದು ಕರೆದುಕೊಂಡು ಹೋಗಿ ಮುಂದಿನ ಚಾಪೆಯ ಮೇಲೆ ಕೂರಿಸಿದಳು. ಕೂರುವಾಗ ಮೊಣಕಾಲು ಹಿಡಿದು 'ಅಯ್ಯಪ್ಪಾ' ಎಂದುಬಿಟ್ಟೆ. ಅಷ್ಟು ಸಾಕಾಯಿತು. ಗೆಳೆಯ ಪಾಸ್ಟರ್ ಜೊತೆ ಬರುವಷ್ಟರಲ್ಲಿ ಹೆಂಗಸರೆಲ್ಲ ಸುತ್ತ ನೆರೆದು, ನನ್ನ ಮೊಣಕಾಲಿಗಾಗಿ ಕಣ್ಣೀರು ಹಾಕಿ ಪ್ರಾರ್ಥಿಸುತ್ತಿದ್ದರು. ಪಾಸ್ಟರ್ ನಕ್ಕು, ಭಾನುವಾರ ಬನ್ನಿ, ಕಂಬಳಿ ಕೂಡಿಸಿಡುತ್ತೇವೆ ಎಂದರು.

ಎಷ್ಟು ಸಿಕ್ಕವು ಎಂದು ಸಂಜೆ ಹೆಂಡತಿ ಕೇಳಿದಳು. ಕಂಬಳಿ ಇನ್ನೂ ಇಲ್ಲ, ಮೊಣಕಾಲು ಮಾತ್ರ ಹಗುರಾಗಿದೆ ಎಂದೆ.

ತಾಂಡೂರಿನ ದಾನ

ಕಂಬಳಿ ಒಯ್ಯಲು ಲಾರಿ ಬೇಕಿತ್ತು. ತಾಂಡೂರಿನ ಒಂದು ಚರ್ಚಿನವರು, ಕಲ್ಲು ಪಾಲಿಷ್ ಮಾಡಿಸುವ ತಮ್ಮ ಸದಸ್ಯರೊಬ್ಬರ ಹತ್ತಿರ ಕಳಿಸಿದರು. ಭಾರಿ ಧಾರಾಳ ಮನುಷ್ಯ. ಚಹಾ ಕುಡಿಸಿದರು, ಲಾರಿ, ಡೀಸೆಲ್, ಡ್ರೈವರ್ ಎಲ್ಲ ನನ್ನದೇ ಎಂದರು. ನಮಗೆ ಸ್ವರ್ಗ ಮೂರೇ ಗೇಣು. ಹೊರಗೆ ಬಂದು ನೋಡಿದರೆ ಲಾರಿಯಲ್ಲಿ ಆಗಲೇ ಹಾಸುಗಲ್ಲು ಏರುತ್ತಿವೆ.

ಇವು ಯಾಕೆ ಎಂದು ಗೆಳೆಯ ಹೆದರುತ್ತ ಕೇಳಿದ. ಇವೂ ದಾನವೇ ಎಂದರು. ಆ ಮಂದಿಗೆ ಬೇಕಾದದ್ದು ಕಂಬಳಿ, ಕಲ್ಲಲ್ಲ ಎಂದು ನಾನು ಆದಷ್ಟು ವಿನಯದಿಂದ ಹೇಳಿದೆ.

ಅವರು ನನ್ನನ್ನೇ ಮರುಕದಿಂದ ನೋಡಿದರು. "ಕಂಬಳಿ ಹಾಸಾಕ ನೆಲ ಬ್ಯಾಡೇನ್ರಿ?"

ಹುಂಜ

ಭಾನುವಾರ ಜಹೀರಾಬಾದಿನ ಚರ್ಚಿನವರು ಕೂಡಿಸಿಟ್ಟ ಕಂಬಳಿಗಳನ್ನು ಕಲ್ಲಿನ ಮೇಲೆ ಹೇರಿಕೊಂಡು ಹೊರಟೆವು. ಆದರೂ ಕೆಲವು ಮನೆಗಳಿಗೆ ಸಾಲುತ್ತಿರಲಿಲ್ಲ. ಇನ್ನು ಕೇಳಲು ಉಳಿದದ್ದು ನಾರಾಯಣಖೇಡದ ಕಡೆಯ ಒಂದು ಹಳ್ಳಿಯ ಸಣ್ಣ ಚರ್ಚು. ಅಲ್ಲಿ ಕೂಲಿ ಮಾಡುವವರೇ ಹೆಚ್ಚು. ರೊಕ್ಕ ಇಲ್ಲದವರು ಜೋಳ, ತತ್ತಿ, ಕೋಳಿ ತಂದು ಕಾಣಿಕೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಅವನ್ನು ಹರಾಜು ಹಾಕುತ್ತಾರೆ. ಆ ದಿನದ ಹರಾಜಿನ ರೊಕ್ಕವೆಲ್ಲ ಕಂಬಳಿಗೆ ಎಂದಾಯಿತು.

ಒಬ್ಬ ಅಜ್ಜಿ ಕಾಲು ಕಟ್ಟಿದ ಕೆಂಪು ಹುಂಜ ತಂದಿದ್ದಳು. ಅದನ್ನು ಕೊಂಡವನು ಒಯ್ಯಲಿಲ್ಲ. "ಮತ್ತ ಹರಾಜಿಗೆ ಹಾಕ್ರಿ" ಎಂದ. ಎರಡನೆಯವನೂ ಕೊಂಡು ಹಾಗೇ ಎಂದ, ಅವನ ನಂತರದವನೂ. ಹುಂಜ ಇಡೀ ಸಭೆ ಸುತ್ತಿತು. ಊರವರೆಲ್ಲ ಅದಕ್ಕೆ ಮಾಲೀಕರಾದರು. ಕೊನೆಗೆ ಎಲ್ಲರ ಜೇಬೂ ಬರಿದಾಗಿ ಕೂಗು ನಿಂತಿತು. ಒಂದು ಮನೆಯ ಕಂಬಳಿ ಮಾತ್ರ ಇನ್ನೂ ಕಡಿಮೆ ಬಿತ್ತು. ಸಭೆಯೆಲ್ಲ ನನ್ನ ಕಡೆ ನೋಡಿತು.

ನಮ್ಮ ಮನೆಯೊಳಗೆ ತತ್ತಿ ಕೂಡ ಬರುವುದಿಲ್ಲ. ಆದರೆ ಒದ್ದೆ ನೆಲ ಕಣ್ಣ ಮುಂದೆ ಬಂತು. ಕೈ ಎತ್ತಿದೆ. ಹುಂಜವನ್ನು ತಂದು ನನ್ನ ತೊಡೆಯ ಮೇಲಿಟ್ಟರು. ನಾನೂ ಜಾಣತನದಿಂದ ಮತ್ತೆ ಹಾಕಿ ಎಂದೆ. ಯಾರೂ ಮಿಸುಕಲಿಲ್ಲ. ಕೊಳ್ಳುವವರೆಲ್ಲ ಆಗಲೇ ಕೊಂಡು ಮುಗಿಸಿದ್ದರು.

ಅಜ್ಜಿಗೆ ನನ್ನ ಮೇಲೆ ಕರುಣೆ ಬಂತು. ಹುಂಜದ ಕಾಲಿನ ಕಟ್ಟು ಬಿಚ್ಚಿ, ನಿಮ್ಮದು ನಮ್ಮ ಅಂಗಳದಾಗೇ ಇರಲಿ ಎಂದು ಎತ್ತಿಕೊಂಡಳು.

ಹರಾಜಿನ ರೊಕ್ಕದಲ್ಲಿ ಕಡಿಮೆ ಬಿದ್ದ ಕಂಬಳಿ ದಾರಿಯಲ್ಲಿ ಕೊಂಡು ಸಂಜೆ ಶಾಲೆ ಮುಟ್ಟಿದಾಗ ಕೋಣೆಗಳಲ್ಲಿ ಇನ್ನೂ ನೀರು ಜಿನುಗುತ್ತಿತ್ತು. ಜನ ಮೊದಲು ಇಳಿಸಿಕೊಂಡದ್ದು ತಾಂಡೂರಿನ ಕಲ್ಲುಗಳನ್ನು. ಅವನ್ನು ಹಾಸಿ, ಮೇಲೆ ಕಂಬಳಿ ಹಾಸಿದರು. ನಾನು ಬಾಯಿ ಮುಚ್ಚಿಕೊಂಡು ಕಲ್ಲು ಹೊತ್ತೆ. ಮನಸ್ಸಿಗೆ ನಿಜವಾಗಿ ಸಮಾಧಾನವಾಯಿತು.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಜ್ಜಿ ಸಂತೆಯಲ್ಲಿ ಸಿಕ್ಕಾಗಲೆಲ್ಲ, ನಿಮ್ಮ ಹುಂಜ ಭಾಳ ತಿಂತದ ಎಂದು ನನ್ನಿಂದ ಜೋಳ ಕೊಡಿಸಿಕೊಳ್ಳುತ್ತಾಳೆ. ನಾನು ಕೋಳಿ ಸಾಕಿದ್ದೇನೆಂದು ನಮ್ಮ ಬಳಗದಲ್ಲಿ ಸುದ್ದಿಯಾಗಿದೆ. ಅದನ್ನು ಕೊಯ್ಯಲು ಆ ಊರಲ್ಲಿ ಯಾರಿಗೂ ಮನಸ್ಸಿಲ್ಲ. ಎಲ್ಲರೂ ಒಮ್ಮೆ ಅದರ ಮಾಲೀಕರೇ.

ಈ ಸಲ ಮಳೆ ಜೋರಾದ ದಿನ ಬೆಳಿಗ್ಗೆ ಅಜ್ಜಿಯ ಫೋನ್ ಬಂತು. ಹಿಂದೆ ಹುಂಜ ಕೂಗುವುದು ಕೇಳುತ್ತಿತ್ತು.

"ಸರ್, ಮಳಿ ಭಾಳ ಅದರಿ. ಎಲ್ಲ್ಯಾರ ಹೊಳಿ ಬಂದ್ರ ಹೇಳ್ರಿ. ನಿಮ್ ಹುಂಜ ತಯಾರ್ ಅದ."