ಎಲೆ ಸುರುಟಿದೆ, ಬಂದು ನೋಡಿ

ನಮ್ಮ ಶಿರಸಿ ಕಡೆ ಮಂಗಗಳ ಕಾಟ ಹೆಚ್ಚಿದ ಮೇಲೆ ಗಿಡಗಳೆಲ್ಲ ಮನೆಯೊಳಗೆ ಬಂದವು. ಗಿಡಗಳು ಒಳಗೆ ಬಂದ ಮೇಲೆ ನನಗೆ ನನ್ನ ಮನೆಯಲ್ಲಿ ಕೂರಲು ಪುರುಸೊತ್ತಿಲ್ಲ. ಅಂಗಳದಲ್ಲಿದ್ದಾಗ ಯಾರೂ ಮುಖ ನೋಡದಿದ್ದ ಮೆಣಸಿನ ಗಿಡ ಈಗ ಟೀವಿ ಪಕ್ಕದಲ್ಲಿ ಕೂತಿದೆ. ಒಂದು ಎಲೆ ಸುರುಟಿದರೂ ಫೋಟೋ ತೆಗೆದು ನನಗೆ ಕಳಿಸುತ್ತಾರೆ. ನಾನು ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು, ಅದೂ ನಮ್ಮ ಪೈಕಿಯ ಹುಡುಗಿಯರನ್ನು ಪಿಯುಸಿಗೇ ನಿಲ್ಲಿಸುತ್ತಿದ್ದ ಕಾಲದಲ್ಲಿ. ಮೂವರು ಸೊಸೆಯಂದಿರಿರುವ ಮನೆ ನಡೆಸುತ್ತಿದ್ದೇನೆ. ಯಾರ ಮನೆಯ ಗಿಡ, ಎಲೆ ಮೇಲಕ್ಕೆ ಸುರುಟಿತ್ತೋ ಕೆಳಕ್ಕೋ, ಮಣ್ಣು ಹಸಿಯೋ ಒಣಗಿತ್ತೋ, ಎಲ್ಲ ಬರೆದಿಡುತ್ತೇನೆ. ಬರೆದಿಡದಿದ್ದರೆ ಇವನ್ನೆಲ್ಲ ಮುಂದೆ ನಾನೇ ನಂಬಲಿಕ್ಕಿಲ್ಲ.

ಯಲ್ಲಾಪುರದ ಫೋನು

ಈ ಮಳೆಗಾಲದ ಒಂದು ಸೋಮವಾರ ಯಲ್ಲಾಪುರದಿಂದ ನನ್ನ ಗೆಳತಿಯ ಫೋನು ಬಂತು. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚು, ಮನೆಮಾತೂ ಒಂದೇ, ಹವ್ಯಕರದ್ದು. ಈಗ ಅವಳ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಹಾವೇರಿ ಕಡೆಯ ಗಂಡಹೆಂಡತಿ ಬಾಡಿಗೆಗಿದ್ದಾರೆ.

"ನಮ್ಮನೆ ಬಾಡಿಗೆಯವು ಕೋಣೆಯೊಳಗೆ ಗಾಂಜಾ ಬೆಳೆಸ್ತಾ ಇದ್ದ ಮಾರಾಯ್ತಿ."

"ನಿಂಗೆ ಹೇಳಿದ್ದು ಯಾರೆ?"

"ಯಾರು ಹೇಳವು? ಕಿಟಕಿಯಿಂದ ಕಾಣ್ತು. ಕೋಣೆಯೊಳಗೆ ನೇರಳೆ ಬಣ್ಣದ ಲೈಟು. ಎಲೆ ಕೈಬೆರಳಿನ ಹಾಂಗೆ ಸೀಳು ಸೀಳು. ಗಂಡಂದು ಹೈವೇ ಮೇಲೆ ಲಾರಿ ಸಾಮಾನಿನ ಅಂಗಡಿ. ಇನ್ನೆಂತ ಬೇಕು?"

"ಹುಡುಗಿ ಬಸುರಿ ಅಲ್ದನೆ?"

"ಏಳು ತಿಂಗಳು. ಅದಕ್ಕೇ ಪೊಲೀಸರಿಗೆ ಹೇಳಿದ್ದಿಲ್ಲೆ. ಭಾನುವಾರ ಮನೆ ಖಾಲಿ ಮಾಡ್ಸದು, ಅಷ್ಟೇಯ."

ಅವಳು ಕಳಿಸಿದ ಫೋಟೋದಲ್ಲಿ ಅರ್ಧ ಪರದೆ, ಅರ್ಧ ಗಿಡ. ಎಲೆಗಳು ಎಷ್ಟು ಮುರುಟಿದ್ದವೆಂದರೆ ಅದು ಯಾವ ಗಿಡ ಎಂದು ಹೇಳುವಂತಿರಲಿಲ್ಲ.

ಅದೇ ಸಂಜೆ ಆ ಹುಡುಗಿಯದೇ ಫೋನು. ನಮ್ಮ ಕೈತೋಟದ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಅವಳೂ ಇದ್ದಾಳಂತೆ. "ಅಮ್ಮಾರ, ನನ್ನ ಪುಂಡಿ ಗಿಡದ ಎಲಿ ಮುರುಟಾಕತ್ತಾವ್ರಿ. ಹೊರಗ ಇಟ್ರ ಮಂಗ್ಯಾ ಬಿಡಂಗಿಲ್ಲ, ಒಳಗ ಬಿಸಲಿಲ್ಲ ಅಂತ ಲೈಟ್ ಹಾಕೇನ್ರಿ. ದಿನಾ ಒಂದ ಲೋಟ ನೀರಷ್ಟ ಹಾಕ್ತೀನಿ. ಆದ್ರ ಮಣ್ಣು ಯಾವಾಗ್ಲೂ ಹಸೀನ ಇರತೈತ್ರಿ. ನಮ್ಮವ್ವ ಬೀಜ ಕೊಟ್ಟಾಳ್ರಿ. ಪುಂಡಿಪಲ್ಲೆ ತಿನಬೇಕಂತ ಬಾಳ ಬಯಕಿ ಆಗೇತ್ರಿ."

ನನಗೆ ವಿಷಯ ಅರ್ಧ ತಿಳಿಯಿತು. ಪುಂಡಿಯ ಎಲೆಯೂ ಬೆರಳು ಬೆರಳಾಗಿಯೇ ಇರುತ್ತದೆ. ಕೂಡಲೇ ಗೆಳತಿಗೆ ಫೋನು ಮಾಡಿ, "ಅದು ಪುಂಡಿ ಅಡ, ಸೊಪ್ಪಿನ ಪಲ್ಯಕ್ಕೆ" ಎಂದೆ.

"ಕಳ್ಳಭಟ್ಟಿ ಕಾಸವ ಒಲೆ ಮೇಲಿರದು ಕಷಾಯ ಹೇಳ್ದೆ ಮತ್ತೆಂತ ಹೇಳ್ತ?" ಎಂದಳು.

ಬಸುರಿ ಹುಡುಗಿಯನ್ನು ಒಂದು ಸೊಪ್ಪಿನ ಗಿಡಕ್ಕಾಗಿ ಮನೆ ಬಿಡಿಸಲು ನಾನು ಬಿಡುವವಳಲ್ಲ. ಶನಿವಾರ ಬರುತ್ತೇನೆ, ಅಲ್ಲಿಯವರೆಗೆ ಯಾರೂ ಏನೂ ಮಾಡಬಾರದು ಎಂದು ಹೇಳಿ ಫೋನಿಟ್ಟೆ. ಅದಕ್ಕೂ ಮೊದಲು ಎರಡು ಮನೆಗಳಿಗೆ ಹೋಗಲಿಕ್ಕಿತ್ತು.

ತೀರ್ಮಾನವಾಗದ ನೀರು

ಮೊದಲನೆಯದು ನಮ್ಮ ಬೀದಿಯಲ್ಲೇ, ನಿವೃತ್ತ ಬ್ಯಾಂಕ್ ಮ್ಯಾನೇಜರರ ಮನೆ. ಅವರ ಹಾಲ್‌ನ ಆಂಥೂರಿಯಂ ಎಲೆಗಳೆಲ್ಲ ಕೆಳಕ್ಕೆ ಬಾಗಿ, ಸುರುಟಿ, ಜೋತುಬಿದ್ದಿದ್ದವು. "ನೀರು ಕಡಿಮೆಯಾಗಿದೆ, ಇನ್ನೊಂದು ತಂಬಿಗೆ ಹಾಕೋಣವಾ?" ಎಂದರು. ನಾನು ಬೆರಳನ್ನು ಮಣ್ಣಿಗೆ ಊರಿದೆ. ಅದು ಮಣ್ಣಾಗಿರಲಿಲ್ಲ, ದೋಸೆ ಹಿಟ್ಟಾಗಿತ್ತು.

ವಿಚಾರಿಸಿದೆ. ಮ್ಯಾನೇಜರರು ವಾಕಿಂಗ್ ಮುಗಿಸಿ ಬಂದು ಒಮ್ಮೆ ನೀರು ಹಾಕುತ್ತಿದ್ದರು. ಹೆಂಡತಿ ಅಕ್ಕಿ ತೊಳೆದ ನೀರು ಹಾಕುತ್ತಿದ್ದರು. ಅವರ ತಾಯಿ ಮಾತ್ರೆ ನುಂಗಿ ಲೋಟದಲ್ಲಿ ಉಳಿದದ್ದನ್ನು ಅಲ್ಲೇ ಚೆಲ್ಲುತ್ತಿದ್ದರು. ಕೆಲಸದವಳು, ಈ ಮನೆಯಲ್ಲಿ ಗಿಡದ ಕಡೆ ನೋಡುವವರೇ ಇಲ್ಲವೆಂದು ಮರುಗಿ, ಹೋಗುವಾಗ ಒಂದು ಚೊಂಬು ಹಾಕುತ್ತಿದ್ದಳು.

"ಈ ಗಿಡ ನೀರಿಲ್ಲದೆ ಸಾಯುವುದಿಲ್ಲ, ಪ್ರೀತಿಯಿಂದ ಸಾಯುತ್ತದೆ" ಎಂದೆ. "ಇನ್ನು ಮೇಲೆ ಒಬ್ಬರೇ ಹಾಕಬೇಕು. ಮೇಲಿನ ಮಣ್ಣು ಒಣಗಿದ ಮೇಲೆ ಮಾತ್ರ."

ಮುಂದಿನ ತಿಂಗಳು ಮತ್ತೆ ಫೋನು. ಎಲೆ ಈಗ ಒಳಕ್ಕೆ ಸುರುಟಿದೆ, ಅಂಚು ಗರಿಗರಿಯಾಗಿದೆ.

"ಅದು ಒಣಗಿದ ಲಕ್ಷಣ. ನೀರು ಯಾರು ಹಾಕ್ತಾ ಇದ್ದೀರಿ?"

ಮ್ಯಾನೇಜರರು ಹೇಳಿದರು: "ಒಬ್ಬರೇ ಹಾಕ್ಬೇಕು ಅಂದಿದ್ರಲ್ಲ ಅಕ್ಕ, ಆ ಒಬ್ಬರು ಯಾರು ಅಂತ ಮನೆಯಲ್ಲಿ ಇನ್ನೂ ತೀರ್ಮಾನ ಆಗಲಿಲ್ಲ."

ಅಮೃತ ಕುಡಿದ ಮೆಣಸು

ಎರಡನೆಯದು ಸಿದ್ದಾಪುರದ ಒಬ್ಬ ಪುರೋಹಿತರ ಮನೆ. ದೇವರ ಕೋಣೆಯ ಬಾಗಿಲ ಬಳಿ ಕುಂಡದಲ್ಲಿ ಮೆಣಸಿನ ಗಿಡ. ಎಲೆಗಳು ಮುದುರಿ ಸಣ್ಣ ದೋಣಿಗಳಂತಾಗಿದ್ದವು. ಮೆಣಸಿನ ಎಲೆ ಮುದುರಿದರೆ ನಾನು ಮೊದಲು ಎಲೆಯ ಹಿಂಭಾಗದಲ್ಲಿ ನುಸಿ ಹುಡುಕುತ್ತೇನೆ. ನುಸಿ ಇರಲಿಲ್ಲ. ಆದರೆ ಕುಂಡದ ಸುತ್ತ ಇರುವೆಗಳು ಸಾಲುಗಟ್ಟಿ ನಿಂತಿದ್ದವು. ಬಗ್ಗಿ ಮಣ್ಣು ಮೂಸಿದೆ. ಹುಳಿ ಮೊಸರಿನ ವಾಸನೆ.

"ಭಟ್ರೇ, ಇದಕ್ಕೆ ಏನು ಹಾಕ್ತೀರಿ?"

"ನೀರೇ. ಅಭಿಷೇಕದ ನೀರು. ಅದನ್ನ ತುಳಿಯೋ ಜಾಗಕ್ಕೆ ಚೆಲ್ಲಲಾಗ. ಮೊದಲು ಅಂಗಳದ ದಾಸವಾಳದ ಬುಡಕ್ಕೆ ಹಾಕ್ತಿದ್ದದ್ದು. ಈ ಮಳೆಯಲ್ಲಿ ಕೊಡೆ ಹಿಡಿದು ಯಾರು ಹೋಗದು?"

ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಎಲ್ಲ ಆ ಒಂದು ಕುಂಡಕ್ಕೆ. ಮಣ್ಣಿನ ಮೇಲೆ ತುಪ್ಪದ ಪದರ ಕಟ್ಟಿತ್ತು.

"ಬೇರಿಗೆ ಉಸಿರು ಕಟ್ಟಿದೆ" ಎಂದೆ.

"ಅಮೃತ ಕುಡಿದು ಯಾರಿಗಾದ್ರೂ ಉಸಿರು ಕಟ್ಟದುಂಟಾ?"

"ದೇವರಿಗೆ ಕಟ್ಟೂದಿಲ್ಲ. ಮೆಣಸಿಗೆ ಕಟ್ತದೆ."

ಮಣ್ಣು ಬದಲಿಸಿದೆ. ಕೊಡೆ ಹಿಡಿದೇ ದಾಸವಾಳದ ಹತ್ತಿರ ಹೋಗಬೇಕೆಂದು ಅವರ ಮನೆಯವರ ಎದುರಿಗೇ ಮಾತು ತೆಗೆದುಕೊಂಡೆ. ವಾರದೊಳಗೆ ಭಟ್ಟರ ಫೋನು. "ಗಿಡ ಚಿಗುರಿದ್ದು. ಆದರೆ ಇರುವೆಗಳಿಗೆ ಬೇಜಾರಾಗಿದ್ದು. ಪ್ರಸಾದ ಎಂತಕ್ಕೆ ನಿಂತೋತು ಹೇಳಿ ಈಗ ಸೀದಾ ದೇವರ ಪೀಠಕ್ಕೇ ಬಂದು ವಿಚಾರಿಸ್ತಾ ಇದ್ದ."

ಬಸ್ಸಿನಲ್ಲಿ

ಹೇಳಿದ ಹಾಗೆ ಆ ಶನಿವಾರವೇ ಯಲ್ಲಾಪುರದ ಬಸ್ಸು ಹತ್ತಿದೆ. ದಾರಿಯಲ್ಲೇ ಗೆಳತಿಯ ಫೋನು. ನನ್ನ ಕಿವಿ ಮೊದಲಿನಂತಿಲ್ಲ, ಸ್ಪೀಕರಿನಲ್ಲೇ ಮಾತಾಡುವುದು. "ಗಾಂಜಾ ಗಿಡ ಅರ್ಧ ಸತ್ತಿದ್ದು" ಎಂಬ ಅವಳ ದನಿ ಡ್ರೈವರನವರೆಗೂ ಹೋಯಿತು.

"ಸಾಯಲಾಗ" ಎಂದೆ ನಾನು ಗಟ್ಟಿಯಾಗಿ. "ಆನು ಬಪ್ಪಲ್ಲಿವರೆಗೆ ಅದು ಬದುಕಿರವು. ಯಾರಿಗೂ ಹೇಳಡ."

ಫೋನು ಇಟ್ಟಾಗ ಬಸ್ಸಿನವರೆಲ್ಲ ನನ್ನ ಕಡೆ ತಿರುಗಿದ್ದರು. ಕಂಡಕ್ಟರ್ ನನ್ನ ಕೈಚೀಲವನ್ನೇ ನೋಡುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಆಚೀಚೆ ನೋಡಿ ನನ್ನ ಕಿವಿಯ ಹತ್ತಿರ ಬಾಗಿದಳು. ಎದ್ದು ಬೇರೆ ಸೀಟಿಗೆ ಹೋಗುತ್ತಾಳೆ ಎಂದುಕೊಂಡೆ.

"ನನಗೆ ಮಂಡಿನೋವು ತಂಗಿ" ಎಂದಳು. "ಗಿಡ ಬದುಕಿದ್ರೆ ನಾಕು ಎಲೆ ಸಿಗ್ತದಾ?"

ಉಪ್ಪು

ಹುಡುಗಿ ಬಾಗಿಲಲ್ಲೇ ನಿಂತಿದ್ದಳು. "ಬರ್ರಿ ಅಮ್ಮಾರ, ಒಳಗ ಬರ್ರಿ." ಹಿಂದೆಯೇ ಗೆಳತಿಯೂ ಬಂದು, ಯಾವುದನ್ನೂ ಮುಟ್ಟದೆ ಗೋಡೆಗೆ ತಾಗಿ ನಿಂತಳು.

ಗಿಡ ಕಿಟಕಿಯ ಪಕ್ಕ ಇತ್ತು. ಕೋಣೆಯ ಕಡೆಗಿದ್ದ ಎಲೆಗಳು ಅಷ್ಟಿಷ್ಟು ಚೆನ್ನಾಗಿದ್ದವು. ಕಿಟಕಿಯ ಕಡೆಗಿದ್ದವು ಮುರುಟಿ, ಅಂಚು ಸುಟ್ಟಂತೆ ಕಂದಾಗಿದ್ದವು. ನೀರು ಹೆಚ್ಚಾದರೆ ಇಡೀ ಗಿಡ ಜೋಲುತ್ತದೆ. ಒಂದೇ ಬದಿಗೆ ಹೀಗಾಗುವುದಿಲ್ಲ. ಮಣ್ಣು ಒದ್ದೆ, ಮೇಲೆ ಬಿಳಿ ಪೊರೆ. ಚಿಟಿಕೆ ತೆಗೆದು ನಾಲಿಗೆಗೆ ಇಟ್ಟೆ.

"ಉಪ್ಪು" ಎಂದೆ.

"ಬಾವಿ ನೀರ ಹಾಕೀನ್ರಿ ಅಮ್ಮಾರ. ಅದ ನೀರ ನಾವೂ ಕುಡೀತೀವ್ರಿ" ಎಂದಳು ಹುಡುಗಿ, ಅಳು ಬರುವಂತೆ.

ಉಪ್ಪಿನ ಜೊತೆ ಇನ್ನೊಂದು ಪರಿಮಳವಿತ್ತು. ಜೀರಿಗೆಯ ಘಮ. ಬಗ್ಗಿ ನೋಡಿದರೆ ಕುಂಡದ ಅಂಚಿನಲ್ಲಿ ಮಾವಿನ ಮಿಡಿಯ ಒಂದು ತೊಟ್ಟು. ಆ ಪರಿಮಳದ ಅಪ್ಪೆಮಿಡಿ ಉಪ್ಪಿನಕಾಯಿ ಯಾರ ಮನೆಯದೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ವರ್ಷವೂ ಒಂದು ಡಬ್ಬಿ ನನಗೆ ಬರುತ್ತದೆ.

ತಿರುಗಿ ನೋಡಿದೆ. ಗೆಳತಿ ಮಾಡಿನ ಹೆಂಚು ನೋಡುತ್ತಿದ್ದಳು.

"ಭರಣಿಯ ಉಪ್ಪುನೀರು ಕಿಟಕಿಯಿಂದ ಹೊಯ್ದದ್ದು ಯಾರೆ?"

"ಕಿತ್ತರೆ ಜಗಳ ಆಗ್ತು" ಎಂದಳು ಸಣ್ಣ ದನಿಯಲ್ಲಿ. "ತನ್ನಷ್ಟಕ್ಕೇ ಸತ್ತರೆ ಯಾರಿಗೂ ಬೇಜಾರಿಲ್ಲೆ ಹೇಳಿ ಮಾಡಿದ್ದು."

ಹುಡುಗಿಗೆ ಹವ್ಯಕ ಮಾತು ಪೂರ್ತಿ ತಿಳಿಯಲಿಲ್ಲ, ಆದರೆ ಭರಣಿ ತಿಳಿಯಿತು.

ನಾನು ಚೆನ್ನಾಗಿದ್ದ ಒಂದು ಎಲೆ ಕಿತ್ತು ಅರ್ಧ ನನ್ನ ಬಾಯಿಗೆ ಹಾಕಿಕೊಂಡು, ಇನ್ನರ್ಧ ಗೆಳತಿಗೆ ಕೊಟ್ಟೆ. "ಗಾಂಜಾದ ಎಲೆ ಬುಡದವರೆಗೂ ಬೇರೆ ಬೇರೆ. ಇದು ಬುಡದಲ್ಲಿ ಒಂದೇ. ಹೋಲ್ತು ಹೇಳಿಯೇ ಇದರ ಲ್ಯಾಟಿನ್ ಹೆಸರಿನಲ್ಲೂ ಗಾಂಜಾದ ಹೆಸರು ಸೇರಿಸಿದ್ದ. ನೀನೂ ಓದಿದ್ದೆ."

"ಕಂಡ್ಯಾ, ಹೆಸರಿಟ್ಟವಂಗೂ ಅನುಮಾನ ಇತ್ತು."

"ಅಗಿ."

"ಎಂಗೆ ನಶೆ ಏರಿದ್ರೆ?"

"ಹಿಡಿಯಲೆ ಆನಿಲ್ಯ?"

ಅವಳು ಕುರ್ಚಿಯಲ್ಲಿ ಕೂತು, ಎರಡೂ ಕೈಯಿಂದ ಕುರ್ಚಿಯನ್ನೇ ಹಿಡಿದುಕೊಂಡು, ಕಣ್ಣು ಮುಚ್ಚಿ ಅಗಿದಳು. ಕಾದಳು. ನಾವೂ ಕಾದೆವು.

"ಎಂತಾ ಆಗ್ತು?"

ಕಣ್ಣು ಬಿಟ್ಟಳು. "ಹುಳಿ" ಎಂದಳು. "ಬರೀ ಹುಳಿ." ದನಿಯಲ್ಲಿ ಸ್ವಲ್ಪ ನಿರಾಸೆಯೂ ಇತ್ತು.

ಕುಂಡವನ್ನು ಬಚ್ಚಲಿಗೆ ಒಯ್ದು, ಉಪ್ಪು ಇಳಿದುಹೋಗುವವರೆಗೆ ಬಾವಿಯ ನೀರು ಹೊಯ್ದೆ. ನೀರು ಸೇದಿ ಕೊಟ್ಟವಳು ಗೆಳತಿ. ನಾನು ಸಾಕು ಎನ್ನಲಿಲ್ಲ. ಉಳಿದ ಒಳ್ಳೆಯ ಎಲೆಗಳನ್ನೆಲ್ಲ ಹುಡುಗಿ ಕೊಯ್ದಳು. ಮಧ್ಯಾಹ್ನ ಬಿಸಿ ರೊಟ್ಟಿ, ಪುಂಡಿಪಲ್ಲೆ. ಮೂವರೂ ನೆಲದ ಮೇಲೆ ಕೂತೆವು.

"ಭಾನುವಾರದ ಕಥೆ ಎಂತಾತೆ?" ಎಂದು ಕೇಳಿದೆ.

ಗೆಳತಿ ಹುಡುಗಿಯ ಕಡೆ ತಿರುಗಿದಳು. "ಹೆರಿಗೆಗೆ ತವರಿಗೆ ಹೋದರೂ ಮನೆ ಬಿಡಬೇಡ. ಬಾಣಂತನ ಮುಗಿಸಿಕೊಂಡು ಇಲ್ಲಿಗೇ ಬಾ. ಅಲ್ಲಿಯವರೆಗೆ ಗಿಡಕ್ಕೆ ನೀರು ನಾನು ಹಾಕ್ತೇನೆ."

"ಬ್ಯಾಡ್ರಿ ಅಮ್ಮಾರ, ಮಂಗ್ಯಾ ತಿಂದ್ರೂ ನಡೀತೈತ್ರಿ" ಎಂದಳು ಹುಡುಗಿ ಗಡಬಡಿಸಿ.

ಗೆಳತಿ ಮತ್ತೊಂದು ರೊಟ್ಟಿ ಹಾಕಿಸಿಕೊಂಡಳು. ಪಲ್ಲೆಯನ್ನು ನಿಧಾನವಾಗಿ ರುಚಿ ನೋಡಿ, ಮನೆಯೊಡತಿಯ ಗತ್ತು ಸ್ವಲ್ಪ ಮರಳಿ ಬಂದಂತೆ ಹೇಳಿದಳು: "ಎಲ್ಲ ಚಲೋ ಆಗಿದೆ. ಉಪ್ಪು ಮಾತ್ರ ಒಂಚೂರು ಕಡಿಮೆ."

ಹುಡುಗಿ ತಲೆ ಎತ್ತದೆ ಇನ್ನೊಂದು ಸೌಟು ಬಡಿಸಿದಳು.

"ಎಲಿ ಗಿಡದಾಗ ಇದ್ದಾಗನ ನೀವು ಹಾಕೀರಲ್ರಿ ಅಮ್ಮಾರ. ಮತ್ತ ಹೆಚ್ಚಾದೀತಂತ ನಾ ಹಾಕಲಿಲ್ರಿ."