ಊರ ಅಜ್ಜಯ್ಯ ತಿದ್ದಿದ ಪದ್ಯ

ಕೆಂಡದಲ್ಲಿ ಸುಟ್ಟ ಒಣಮೀನಿನ ವಾಸನೆ. ಚಿಕ್ಕಂದಿನಲ್ಲಿ ಅಮ್ಮ ಅದನ್ನು ಗಂಜಿಯ ಬಟ್ಟಲಿನ ಪಕ್ಕ ಇಡುವಾಗ ಬಾಯಿಗಿಂತ ಮೊದಲು ಮೂಗೇ ಉಂಡು ಮುಗಿಸುತ್ತಿತ್ತು. ಈ ವಾಸನೆಯನ್ನು ವಿನಯಾ ಟೀಚರ್ ಗುರುವಾರ ಮೂರನೇ ತರಗತಿಯ ಹನ್ನೊಂದು ಮಕ್ಕಳಿಗೆ ಬಣ್ಣಿಸಿ ಹೇಳಿದ್ದೇ ಎಲ್ಲ ಅವಾಂತರಕ್ಕೂ ಕಾರಣ.

"ನಿಮ್ಗೆ ಇಷ್ಟದ ಒಂದ್ ವಾಸನೆ ಮೇಲೆ ನಾಲ್ಕ್ ಸಾಲ್ ಬರ್ದ್ ಕಾಣಿ. ಮೊದ್ಲ್ ಆಲೋಚನೆ ಮಾಡ್ಕ್, ಮತ್ತೆ ಬರೂದ್. ಬರ್ದದ್ದನ್ನ ಒಬ್ರಿಗೆ ಓದಿ ಹೇಳಿ. ತಿದ್ದಿ, ನಾಳೆ ಚಂದ ಮಾಡಿ ಬರ್ಕಂಡ್ ಬನ್ನಿ."

ಶುಕ್ರವಾರ ಹನ್ನೊಂದು ಗಂಟೆಗೆ ಶಿಕ್ಷಣಾಧಿಕಾರಿ ಶಾಮರಾಯರು ವಂಡ್ಸೆಯಿಂದಾಚೆಯ ಆ ಪುಟ್ಟ ಶಾಲೆಗೆ ಬರುವವರಿದ್ದರು. ಮಕ್ಕಳ ಪದ್ಯ ಮೆಚ್ಚಿದರೆ, ಬೈಂದೂರಿನಲ್ಲಿ ಶಿಕ್ಷಕರಿಗೆಲ್ಲ ಪದ್ಯಪಾಠ ಹೇಳಿಕೊಡುವ ತರಬೇತುದಾರಳ ಕೆಲಸ ವಿನಯಾಗೆ. ಹನ್ನೆರಡು ವರ್ಷಗಳ ಆಸೆ. ಸಿಗುವುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ಅಲ್ಲಿಗೆ ಉಡುವ ಸೀರೆಗೆ ಇಸ್ತ್ರಿಯೂ ಆಗಿತ್ತು.

ಶುಕ್ರವಾರ ಬೆಳಿಗ್ಗೆ ಮಕ್ಕಳಲ್ಲೊಬ್ಬಳಾದ ಸುಪ್ರೀತಾ ತನ್ನ ಹಾಳೆ ಕೊಟ್ಟಳು. ಅಜ್ಜಿಯ ಕಂಬಳಿಯ ಹೊಗೆವಾಸನೆಯ ಮೇಲೆ ಅವಳು ನಿನ್ನೆ ತರಗತಿಯಲ್ಲಿ ಬರೆದಿದ್ದ ಮುದ್ದಾದ ಸಾಲುಗಳು ಮಾಯ. ಈಗ ಹೀಗಿತ್ತು:

"ಎಲೆಲೆ ಕಂಬಳಿಯೇ ಕೇಳು ಎನ್ನಯ ಮಾತ, ಧೂಮಗಂಧದಿ ಮೆರೆವ ರಣಧೀರ..."

"ಇದ್ ಯಾರ್ ಬರ್ದದ್ ಹೆಣೆ?"

"ನಾನೇ ಟೀಚರ್. ಚೆನ್ನಯ್ಯಜ್ಜ ಒಂಚೂರ್ ಸಮ ಮಾಡ್ರ್."

ಚೆನ್ನಯ್ಯ ಯಕ್ಷಗಾನ ತಾಳಮದ್ದಳೆಯಲ್ಲಿ ಅರ್ಥ ಹೇಳಿ ಹೆಸರಾದವರು. ಪದ್ಯ ಬಲ್ಲವರೆಂದರೆ ಊರಿಗೆಲ್ಲ ಅವರೊಬ್ಬರೇ. ಹಾಗಾಗಿ ಹನ್ನೊಂದು ಮಕ್ಕಳೂ ಅವರ ಜಗಲಿಗೇ ಓಡಿದ್ದರು. ಉಳಿದ ಹಾಳೆಗಳಲ್ಲೂ ಅದೇ ಕತೆ. ಮೀನುಸಾರು ಶಪಥ ಮಾಡುತ್ತಿತ್ತು. ಬಚ್ಚಲಿನ ಸಾಬೂನು ಕಿರೀಟ ಇಟ್ಟುಕೊಂಡ ಅರ್ಜುನನಂತೆ ಗರ್ಜಿಸುತ್ತಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಸಾಕ್ಷಾತ್ ಚೆನ್ನಯ್ಯ. "ಹ್ವಾಯ್ ಟೀಚರ್ರೇ! ಹನ್ನೊಂದ್ ಪದ್ಯ! ಬರ್ದ್ ಬರ್ದ್ ಕೈ ಬಚ್ಚಿ ಹೋಯ್ತ್ ಮಾರಾಯ್ರೆ."

ಮಕ್ಕಳ ಹಾಳೆ ಮಳೆಗೆ ಒದ್ದೆಯಾಗಿದೆ ಎಂದು ಮುದುಕರು ಹೊಸ ಹಾಳೆಯಲ್ಲಿ, ನಡುಗುವ ಕೈಯಲ್ಲಿ, ಎಲ್ಲವನ್ನೂ ತಾವೇ ಬರೆದುಕೊಟ್ಟಿದ್ದರು. ಬೈಯುವ ಬದಲು ವಿನಯಾ ಕೈ ಮುಗಿದಳು.

"ಉಪಕಾರ ಆಯ್ತ್ ಅಜ್ಜಯ್ಯ. ಸಾಹೇಬ್ರ್ ಬತ್ರಾ ಅಂದ್ಕಂಡ್ ಗೇಟಿನ್ ಹತ್ರ ಒಂಚೂರ್ ಕಾಣ್ತ್ರಾ?" ಎಂದು ಅವರ ಕಿವಿಯ ಬಳಿ ಕೂಗಿ ಕಳಿಸಿದಳು. ಅವರಿಗೆ ಕೇಳುವುದು ಕಡಿಮೆ, ಹೇಳುವುದು ಧಾರಾಳ.

ಅವರ ಹಾಳೆಗಳನ್ನೆಲ್ಲ ಕಪಾಟಿಗೆ ತುಂಬಿ ಮಕ್ಕಳತ್ತ ತಿರುಗಿದಳು. "ಶಾಲೆಗ್ ಬಪ್ಪತ್ತಿಗೆ ದಾರಿ ಮೇಲೆ ಎಂತ ಕಂಡ್ರಿಯೋ ಅದನ್ನೇ ಬರಿಯುವಾ. ಯಾರ್ ಹತ್ರವೂ ಕೇಂಬುದ್ ಬೇಡ, ಹಾಳೆ ಮೇಲ್ ಹೆಸ್ರೂ ಬೇಡ."

"ನೀವೂ ಬರ್ಕ್ ಟೀಚರ್!" ಎಂದಳು ಸುಪ್ರೀತಾ.

ಮಕ್ಕಳ ಜೊತೆ ತಾನೂ ಬರೆಯುವುದು ವಿನಯಾಳ ಕ್ರಮ. ನೆಲದ ಮೇಲೆ ಕೂತು ಅವಳೂ ನಾಲ್ಕು ಸಾಲು ಗೀಚಿದಳು.

ಹನ್ನೊಂದಕ್ಕೆ ಶಾಮರಾಯರು ಚೆನ್ನಯ್ಯನವರ ಕೈ ಹಿಡಿದುಕೊಂಡೇ ಒಳಬಂದರು. ಹಾಳೆಗಳನ್ನು ತಾವೇ ಒಟ್ಟುಮಾಡಿ ಓದತೊಡಗಿದರು.

"'ನಾಯಿಗೆ ಕೊಡೆ ಇರಲಿಲ್ಲ, ನನ್ನದು ಮಡಚಿದೆ, ಇಬ್ಬರೂ ಒದ್ದೆಯಾದೆವು.' ಆಹಾ!"

ಒಂದೊಂದು ಪದ್ಯಕ್ಕೂ ಅವರ ಮುಖ ಅರಳಿತು. ಸರಿಯಾಗಿ ಕೇಳಿಸದೆ, ಎಲ್ಲ ತಮ್ಮದೇ ಎಂದುಕೊಂಡು ಚೆನ್ನಯ್ಯನವರೂ ತಲೆದೂಗಿದರು. ಹನ್ನೆರಡನೆಯ ಹಾಳೆಗೆ ಸಾಹೇಬರು ನಿಂತರು.

"'ಓ ಮುಂಜಾವೇ, ನಿನ್ನ ಚೆಲುವೆಷ್ಟು! ಓ ಹಕ್ಕಿಯೇ, ನಿನ್ನ ಇಂಪೆಷ್ಟು!' ಈ ಮಗು ಏನನ್ನೂ ಕಂಡಿಲ್ಲ. ಪಾಪ, ಬೈಯಬೇಡಿ ಮೇಡಂ, ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡಿ. ಯಾರದು?"

ಹನ್ನೊಂದು ಬೆರಳುಗಳು ಒಟ್ಟಿಗೆ ವಿನಯಾಳತ್ತ ಎದ್ದವು.

ಶಾಮರಾಯರು ಕೆಮ್ಮಿದರು. "ಹಾಗೋ... ಹನ್ನೊಂದು ಪದ್ಯವನ್ನೂ ತಾವೇ ತಿದ್ದಿದ್ದೆಂದು ಅಜ್ಜಯ್ಯ ಗೇಟಿನಲ್ಲೇ ಹೇಳಿದರು. ಅವರ ಕೈ ತಾಗದ ಪದ್ಯ ಇದೊಂದೇ, ಅಲ್ಲವೇ? ಬೈಂದೂರಿನ ತರಬೇತಿ ಅವರೇ ನಡೆಸಲಿ. ನೀವೂ ಬನ್ನಿ ಮೇಡಂ. ಕಲಿಯಲು."

ಕಿವಿಯಲ್ಲಿ ಕೂಗಿ ಹೇಳಿದ ಮೇಲೆ ಚೆನ್ನಯ್ಯನವರಿಗೆ ಅರ್ಥವಾಯಿತು. "ನನ್ನನ್ನಾ? ಈ ಪ್ರಾಯದಗಾ?" ಎಂದು ಹೆಗಲ ಬೈರಾಸಿನಲ್ಲಿ ಕಣ್ಣು ಒರೆಸಿಕೊಂಡರು.

"ಅದ್ ಹಂಗಲ್ಲ ಸಾರ್..." ಸುಪ್ರೀತಾ ಬಾಯಿ ತೆರೆದಳು. ವಿನಯಾ ಮೆಲ್ಲಗೆ ಅವಳ ಕೈ ಅದುಮಿದಳು.

ಮಧ್ಯಾಹ್ನ ಖಾಲಿ ತರಗತಿಯಲ್ಲಿ ವಿನಯಾ ತನ್ನ ಪದ್ಯ ಹಿಡಿದು ಕೂತಿದ್ದಳು. ಬಿಸಿಯೂಟದ ಅಡುಗೆಯವಳು ಗುಲಾಬಿ, ಅನ್ನ ಸಾರು ಬಡಿಸಿದ ತಟ್ಟೆಯನ್ನು ಸೆರಗಿನಲ್ಲಿ ಹಿಡಿದು ತಂದಳು. ತಟ್ಟೆ ಕೈ ಸುಡುವಷ್ಟು ಬಿಸಿಯಿತ್ತು. ಟೀಚರ್ ಕೈಯಲ್ಲಿದ್ದ ಹಾಳೆಯನ್ನು ತೆಗೆದು, ನಾಲ್ಕಾಗಿ ಮಡಚಿ, ಕೈ ಸುಡದಂತೆ ತಟ್ಟೆಯ ಕೆಳಗಿಟ್ಟು, ಜೋಪಾನವಾಗಿ ಅವಳ ಕೈಗಿತ್ತಳು.